ಒಂದು ವರ್ಷದ ಚಂಡಮಾರುತಗಳನ್ನು ಹೋಲಿಸಿ ಅಳೆಯುವುದು ಹೇಗೆ? ಮೈಸೂರು–ಮಂಡ್ಯದ ಹವಾಮಾನಾಸಕ್ತರಿಗೊಂದು ಸಮಗ್ರ ಮಾರ್ಗದರ್ಶಿ

ಸ್ವಾತಿ, ವಿಶಾಖ ಮಳೆಗಳ ಕಾಲದಲ್ಲಿ ಎರಡು ದಿನ ಬಿಸಿಲು ಕಾಣದೆ ಜಡಿ ಹಿಡಿದರೆ ಮೈಸೂರಿನಲ್ಲಿ "ಸೈಕ್ಲೋನ್ ಎಫೆಕ್ಟು" ಎಂಬ ಮಾತು ಶುರುವಾಗುತ್ತದೆ. ಮಂಡ್ಯದ ಕಡೆ ರಾಗಿ ಕೊಯ್ದು ಹೊಲದಲ್ಲೇ ಬಿಟ್ಟವರು ಬಂಗಾಳಕೊಲ್ಲಿಯ ಸುದ್ದಿಗೆ ಕಿವಿ ಕೊಡುತ್ತಾರೆ. ಕಡಲಿನಿಂದ ದೂರವಿರುವ ನಮಗೆ ಸಿಗುವುದು ಚಂಡಮಾರುತದ ಅಂಚಿನ ಮೋಡ ಮತ್ತು ಕಳಚಿಬಿದ್ದ ಮಳೆ ಮಾತ್ರ. ಆದರೂ ಉಪಗ್ರಹ ಚಿತ್ರಗಳನ್ನು ಪ್ರತಿದಿನ ನೋಡುವ ಅಭ್ಯಾಸವಿರುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ವರ್ಷದ ಕೊನೆಗೆ ಅವರು ಸೇರಿದಾಗ ಬರುವ ಪ್ರಶ್ನೆಯೂ ಒಂದೇ: ಈ ವರ್ಷ ಎಲ್ಲಕ್ಕಿಂತ ಜೋರಾದ ಚಂಡಮಾರುತ ಯಾವುದು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ ಗಾಳಿಯ ವೇಗದ ಒಂದು ಅಂಕಿ. ಆ ಅಂಕಿಯನ್ನು ಯಾವ ಸಂಸ್ಥೆ ಕೊಟ್ಟಿತು, ಎಷ್ಟು ನಿಮಿಷಗಳ ಸರಾಸರಿಯಲ್ಲಿ ಕೊಟ್ಟಿತು, ಅದು ಅಂದಾಜೋ ಅಳತೆಯೋ ಎಂಬುದನ್ನು ಕೇಳದೆ ಮಾಡಿದ ಪಟ್ಟಿಗೆ ನನ್ನ ದೃಷ್ಟಿಯಲ್ಲಿ ಬೆಲೆಯಿಲ್ಲ. ಕೆಳಗಿನ ವಿಧಾನಕ್ಕೆ ಬೇಕಾಗುವುದು ಒಂದು ಸಾಧಾರಣ ಕಂಪ್ಯೂಟರ್, ಎಕ್ಸೆಲ್‌ನಂಥ ಒಂದು ಹಾಳೆ ಮತ್ತು ಕೆಲವು ಸಂಜೆಗಳ ತಾಳ್ಮೆ. ಉದಾಹರಣೆಗೆ 2023ನೇ ವರ್ಷವನ್ನು ಆರಿಸಿಕೊಂಡಿದ್ದೇನೆ. ಅಮೆರಿಕದ ಅಳತೆಗೋಲಿನ ಅತಿ ಮೇಲಿನ ಮೆಟ್ಟಿಲಾದ 5ನೇ ವರ್ಗವನ್ನು ಮುಟ್ಟಿದ ಚಂಡಮಾರುತ ಜಗತ್ತಿನ ಏಳೂ ಉಷ್ಣವಲಯದ ಕಡಲ ವಲಯಗಳಲ್ಲಿ ಒಂದೇ ವರ್ಷ ಕಾಣಿಸಿಕೊಂಡ, ದಾಖಲೆಯಲ್ಲಿರುವ ಮೊದಲ ವರ್ಷ ಅದು. ಹೋಲಿಕೆಯ ಎಲ್ಲ ತೊಡಕುಗಳೂ ಆ ಒಂದೇ ವರ್ಷದಲ್ಲಿ ಸಿಗುತ್ತವೆ.

ಹಂತ 1: ಯಾವುದನ್ನು ಅಳೆಯುತ್ತೀರಿ ಎಂದು ಮೊದಲೇ ಬರೆದಿಡಿ

ಅಂಕಿಗಳನ್ನು ಹುಡುಕುವ ಮೊದಲು ಪ್ರಶ್ನೆಯನ್ನು ಬರೆದುಕೊಳ್ಳಬೇಕು. ಅಂಕಿಗಳನ್ನು ನೋಡಿದ ಮೇಲೆ ಪ್ರಶ್ನೆ ಬರೆಯಲು ಹೊರಟವರು ತಮಗೆ ಪ್ರಿಯವಾದ ಚಂಡಮಾರುತ ಗೆಲ್ಲುವಂಥ ಪ್ರಶ್ನೆಯನ್ನೇ ಬರೆಯುತ್ತಾರೆ. ಶಿಖರದಲ್ಲಿ ಅತಿ ಹೆಚ್ಚು ಗಾಳಿ ಯಾವುದರದು, ಅತಿ ಬೇಗ ಬಲಿತದ್ದು ಯಾವುದು, ಬದುಕಿನುದ್ದಕ್ಕೂ ಹೆಚ್ಚು ಶಕ್ತಿ ತೋರಿದ್ದು ಯಾವುದು, ಅತಿ ದೊಡ್ಡ ಹರವಿನದು ಯಾವುದು, ಅತಿ ಹೆಚ್ಚು ಮಳೆ ಸುರಿಸಿದ್ದು ಯಾವುದು, ತನ್ನ ಕಡಲಿಗೆ ಅತಿ ಅಪರೂಪವಾದದ್ದು ಯಾವುದು ಎಂಬ ಆರು ಪ್ರಶ್ನೆಗಳು ಸಾಕು. ಇವುಗಳಿಗೆ ಅಂಕ ಕೊಟ್ಟು ಕೂಡಿಸಿ ಒಟ್ಟು ವಿಜೇತನನ್ನು ಆರಿಸುವ ಪದ್ಧತಿ ಕೆಲವರಲ್ಲಿದೆ, ನಾನು ಅದನ್ನು ಒಪ್ಪುವುದಿಲ್ಲ. ಗಾಳಿಗೆ ಹತ್ತು ಅಂಕ, ಮಳೆಗೆ ಐದು ಅಂಕ ಎಂದು ನಿರ್ಧರಿಸುವುದಕ್ಕೆ ವಿಜ್ಞಾನದ ಆಧಾರವಿಲ್ಲ. ಆರು ಪ್ರಶ್ನೆಗೆ ಆರು ಬೇರೆ ಬೇರೆ ಪಟ್ಟಿಗಳಿರಲಿ.

ಸಾವುನೋವು ಮತ್ತು ನಷ್ಟದ ಲೆಕ್ಕವನ್ನು ಈ ಆರರಲ್ಲಿ ಸೇರಿಸಿಲ್ಲ. ಅದು ಚಂಡಮಾರುತದ ಬಲಕ್ಕಿಂತ ಹೆಚ್ಚಾಗಿ ಮನೆಗಳ ಗಟ್ಟಿತನ, ಮುನ್ನೆಚ್ಚರಿಕೆ, ಜನರ ಸ್ಥಳಾಂತರ ಇವುಗಳನ್ನು ಅವಲಂಬಿಸಿದೆ. 2023ರ ಫ್ರೆಡ್ಡಿ ಎಂಬ ಚಂಡಮಾರುತದಿಂದ ಅತಿ ಹೆಚ್ಚು ಜನ ಸತ್ತದ್ದು ಕಡಲೇ ಇಲ್ಲದ ಮಲಾವಿಯಲ್ಲಿ, ಅದೂ ಗಾಳಿ ಇಳಿದ ಮೇಲೆ ಸುರಿದ ಮಳೆಯಿಂದಾದ ಪ್ರವಾಹ ಮತ್ತು ಭೂಕುಸಿತಗಳಲ್ಲಿ. ಆ ಸಂಗತಿಯನ್ನು ಟಿಪ್ಪಣಿಯಲ್ಲಿ ಗೌರವದಿಂದ ದಾಖಲಿಸಬೇಕು, ರ್‍ಯಾಂಕ್ ಕೊಡಲು ಬಳಸಬಾರದು.

ಹಂತ 2: ವರ್ಷ ಎಂದರೆ ಯಾವುದು, ಪಟ್ಟಿಗೆ ಯಾರು ಅರ್ಹರು?

ಉತ್ತರ ಗೋಳಾರ್ಧದಲ್ಲಿ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ ಸರಿಹೋಗುತ್ತದೆ. ದಕ್ಷಿಣ ಗೋಳಾರ್ಧದ ಬೇಸಿಗೆ ಡಿಸೆಂಬರ್–ಜನವರಿಯ ಆಚೀಚೆ ಇರುವುದರಿಂದ ಅಲ್ಲಿನ ಋತುವನ್ನು ವರ್ಷದ ಮಧ್ಯದಿಂದ ಮುಂದಿನ ವರ್ಷದ ಮಧ್ಯದವರೆಗೆ ಎಣಿಸುತ್ತಾರೆ. 2023ರ ಫೆಬ್ರವರಿಯಲ್ಲಿ ಹುಟ್ಟಿದ ಫ್ರೆಡ್ಡಿ ಅಲ್ಲಿನ ಲೆಕ್ಕದಲ್ಲಿ 2022–23ರ ಋತುವಿಗೆ ಸೇರುತ್ತದೆ. ನೀವು ಯಾವುದನ್ನು ಆರಿಸಿದರೂ ತಪ್ಪಿಲ್ಲ. ಆರಿಸಿದ್ದನ್ನು ಹಾಳೆಯ ಮೇಲ್ಭಾಗದಲ್ಲಿ ಬರೆಯಿರಿ. ಇಲ್ಲಿ ನಾನು ಕ್ಯಾಲೆಂಡರ್ ವರ್ಷವನ್ನೇ ಹಿಡಿದಿದ್ದೇನೆ.

ಅರ್ಹತೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. 2023ರ ಸೆಪ್ಟೆಂಬರ್‌ನಲ್ಲಿ ಲಿಬಿಯಾದ ಡೆರ್ನಾ ನಗರದ ಅಣೆಕಟ್ಟುಗಳು ಒಡೆದು ಸಾವಿರಾರು ಜನ ಕೊಚ್ಚಿಹೋದದ್ದು ಡೇನಿಯಲ್ ಎಂಬ ಮೆಡಿಟರೇನಿಯನ್ ಬಿರುಗಾಳಿಯ ಮಳೆಯಿಂದ. ಅದಕ್ಕೆ ಚಂಡಮಾರುತದ ಕೆಲವು ಲಕ್ಷಣಗಳಿದ್ದವು, ಆದರೆ ಹುಟ್ಟಿದ್ದು ಉಷ್ಣವಲಯದ ಕಡಲಲ್ಲಿ ಅಲ್ಲ. ಉಷ್ಣವಲಯದ ಏಳು ವಲಯಗಳಲ್ಲಿ ಅಧಿಕೃತ ಕೇಂದ್ರವೊಂದು ಹೆಸರು ಅಥವಾ ಸಂಖ್ಯೆ ಕೊಟ್ಟಿರುವ, ಕನಿಷ್ಠ 34 ನಾಟ್ ಅಂದರೆ ಗಂಟೆಗೆ ಸುಮಾರು 63 ಕಿ.ಮೀ. ಸ್ಥಿರ ಗಾಳಿ ಮುಟ್ಟಿದ ವ್ಯವಸ್ಥೆಗಳು ಮಾತ್ರ ಅರ್ಹ ಎಂಬ ನಿಯಮ ಇಟ್ಟುಕೊಂಡರೆ ಡೇನಿಯಲ್ ಹೊರಗುಳಿಯುತ್ತದೆ.

ಉತ್ತರ ಹಿಂದೂ ಮಹಾಸಾಗರದಲ್ಲಿ ಈ ನಿಯಮಕ್ಕೆ 2023ರಲ್ಲಿ ಆರು ಹೆಸರುಗಳು ಸಿಗುತ್ತವೆ. ಮೇ ತಿಂಗಳ ಮೋಚಾ, ಜೂನ್‌ನ ಬಿಪರ್‌ಜಾಯ್, ಅಕ್ಟೋಬರ್‌ನಲ್ಲಿ ಒಂದೇ ಸಮಯಕ್ಕೆ ಅರಬ್ಬಿ ಸಮುದ್ರದಲ್ಲಿ ತೇಜ್ ಮತ್ತು ಬಂಗಾಳಕೊಲ್ಲಿಯಲ್ಲಿ ಹಮೂನ್, ನವೆಂಬರ್‌ನ ಮಿಧಿಲಿ ಮತ್ತು ಡಿಸೆಂಬರ್‌ನ ಮಿಚಾಂಗ್.

ಹಂತ 3: ಒಂದೇ ಮೂಲವನ್ನು ಹಿಡಿಯಿರಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಓದುವಷ್ಟು ಸಮಯ ನಿಮಗಿದ್ದರೆ ಇದನ್ನು ಓದಿ.

ಜಗತ್ತಿನ ಬೇರೆ ಬೇರೆ ಕಡಲುಗಳಿಗೆ ಬೇರೆ ಬೇರೆ ಅಧಿಕೃತ ಕೇಂದ್ರಗಳಿವೆ. ನಮ್ಮ ಕಡಲಿಗೆ ನವದೆಹಲಿಯ ಭಾರತೀಯ ಹವಾಮಾನ ಇಲಾಖೆ, ಪಶ್ಚಿಮ ಪೆಸಿಫಿಕ್‌ಗೆ ಟೋಕಿಯೊದ ಜಪಾನ್ ಹವಾಮಾನ ಸಂಸ್ಥೆ, ಅಟ್ಲಾಂಟಿಕ್ ಮತ್ತು ಪೂರ್ವ ಪೆಸಿಫಿಕ್‌ಗೆ ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ, ನೈರುತ್ಯ ಹಿಂದೂ ಮಹಾಸಾಗರಕ್ಕೆ ರಿಯೂನಿಯನ್ ದ್ವೀಪದಲ್ಲಿರುವ ಫ್ರಾನ್ಸ್‌ನ ಕೇಂದ್ರ, ಹೀಗೆ. ಇವರ ಜೊತೆಗೆ ಹವಾಯಿಯ ಪರ್ಲ್ ಹಾರ್ಬರ್‌ನಲ್ಲಿ ಅಮೆರಿಕದ ಸೇನೆಯ ಜಂಟಿ ಟೈಫೂನ್ ಎಚ್ಚರಿಕೆ ಕೇಂದ್ರ ತನ್ನದೇ ಅಂದಾಜುಗಳನ್ನು ಪ್ರಕಟಿಸುತ್ತದೆ. ಅಮೆರಿಕದವರು ಒಂದು ನಿಮಿಷದ ಸರಾಸರಿ ಗಾಳಿಯನ್ನು, ನಮ್ಮ ಇಲಾಖೆ ಮೂರು ನಿಮಿಷಗಳದನ್ನು, ಜಪಾನ್ ಹತ್ತು ನಿಮಿಷಗಳದನ್ನು ಕೊಡುತ್ತವೆ. ಸರಾಸರಿಯ ಅವಧಿ ಉದ್ದವಾದಷ್ಟೂ ಕ್ಷಣಿಕ ಏರಿಳಿತಗಳು ಅದರಲ್ಲಿ ಕರಗಿ ಅಂಕಿ ಕೆಳಗಿಳಿಯುತ್ತದೆ.

ಮೋಚಾವನ್ನು ಹತ್ತಿರದಿಂದ ನೋಡಿ. 2023ರ ಮೇ 14ರಂದು ಮ್ಯಾನ್ಮಾರ್‌ನ ಸಿಟ್ವೆ ಬಳಿ ದಡ ಸೇರಿದ ಈ ಚಂಡಮಾರುತದ ಶಿಖರ ವೇಗ ನಮ್ಮ ಇಲಾಖೆಯ ಪ್ರಕಾರ 115 ನಾಟ್, ಗಂಟೆಗೆ ಸುಮಾರು 215 ಕಿ.ಮೀ. ಅಮೆರಿಕದ ಜಂಟಿ ಕೇಂದ್ರದ ಪ್ರಕಾರ 150 ನಾಟ್, ಸುಮಾರು 280 ಕಿ.ಮೀ. ಮೊದಲನೆಯ ಅಂಕಿಯಲ್ಲಿ ಅದು "ಅತ್ಯಂತ ತೀವ್ರ ಚಂಡಮಾರುತ", ಸೂಪರ್ ಸೈಕ್ಲೋನ್‌ಗೆ ಒಂದು ಮೆಟ್ಟಿಲು ಕೆಳಗೆ. ಎರಡನೆಯದರಲ್ಲಿ 5ನೇ ವರ್ಗದ್ದು. ಅದೇ ತಿಂಗಳು ಗುವಾಮ್ ದ್ವೀಪದ ಬಳಿ ಹಾದುಹೋದ ಮಾವರ್ ಟೈಫೂನಿನ (ಪಶ್ಚಿಮ ಪೆಸಿಫಿಕ್‌ನಲ್ಲಿ ಬಲಿಷ್ಠ ಚಂಡಮಾರುತಕ್ಕಿರುವ ಹೆಸರು) ಶಿಖರ ಜಪಾನಿನ ಲೆಕ್ಕದಲ್ಲಿ 215 ಕಿ.ಮೀ., ಅಮೆರಿಕದ ಲೆಕ್ಕದಲ್ಲಿ 295 ಕಿ.ಮೀ. ಈಗ ಯಾರೋ ಒಬ್ಬರು ಮೋಚಾಗೆ ಅಮೆರಿಕದ ಅಂಕಿಯನ್ನೂ ಮಾವರ್‌ಗೆ ಜಪಾನಿನ ಅಂಕಿಯನ್ನೂ ತೆಗೆದುಕೊಂಡರೆ ಬಂಗಾಳಕೊಲ್ಲಿಯ ಮೋಚಾ 65 ಕಿ.ಮೀ. ಅಂತರದಲ್ಲಿ ಗೆದ್ದುಬಿಡುತ್ತದೆ. ಇಬ್ಬರಿಗೂ ಅಮೆರಿಕದ್ದನ್ನೇ ತೆಗೆದುಕೊಂಡರೆ ಮಾವರ್ ಮುಂದೆ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವ "ವರ್ಷದ ಟಾಪ್ 10" ಪಟ್ಟಿಗಳಲ್ಲಿ ಇಂಥ ಮಿಶ್ರಣ ಸಾಮಾನ್ಯ.

ಸರಾಸರಿಯ ಅವಧಿಯನ್ನು ಸರಿಪಡಿಸಿದರೆ ಸಾಕು ಎಂದು ತಿಳಿಯುವವರಿದ್ದಾರೆ. ಕಡಲ ಮೇಲೆ ಒಂದು ನಿಮಿಷದ ಗಾಳಿಯನ್ನು ಹತ್ತು ನಿಮಿಷಕ್ಕೆ ಇಳಿಸಲು 0.93ರಿಂದ ಗುಣಿಸಬೇಕೆಂಬುದು ವಿಶ್ವ ಹವಾಮಾನ ಸಂಸ್ಥೆಯ ಸಲಹೆ. ಆ ಲೆಕ್ಕದಲ್ಲಿ 150 ನಾಟ್ 140ರ ಹತ್ತಿರ ಬರುತ್ತದೆ, ಮೂರು ನಿಮಿಷಕ್ಕೆ ಇಳಿಸಿದರೆ ಅದಕ್ಕಿಂತ ಸ್ವಲ್ಪ ಮೇಲೇ ಇರುತ್ತದೆ. ಆದರೆ ನಮ್ಮ ಇಲಾಖೆ ಹೇಳಿದ್ದು 115. ಉಳಿದ 25 ನಾಟ್ ಎಲ್ಲಿಂದ ಬಂತು? ಒಂದೇ ಉಪಗ್ರಹ ಚಿತ್ರವನ್ನು ಇಬ್ಬರು ಪರಿಣತರು ಬೇರೆ ಬೇರೆಯಾಗಿ ಓದಿದ್ದರಿಂದ ಬಂತು. ಗುಣಕದಿಂದ ಅದನ್ನು ಅಳಿಸಲಾಗದು. ಆದ್ದರಿಂದ ಪರಿವರ್ತನೆಯ ಗೋಜಿಗೆ ಹೋಗದೆ ಒಂದೇ ಸಂಸ್ಥೆಯ ಕಣ್ಣಿಗೆ ಎಲ್ಲವೂ ಹೇಗೆ ಕಂಡವು ಎಂದು ನೋಡುವುದೇ ಸರಿ. ಇಡೀ ಜಗತ್ತನ್ನು ಹೋಲಿಸುವಾಗ ಅಮೆರಿಕದ ಎರಡು ಕೇಂದ್ರಗಳ ಅಂಕಿಗಳನ್ನು ಬಳಸಿ. ಅವೆರಡೂ ಒಂದು ನಿಮಿಷದ ಸರಾಸರಿಯನ್ನೇ ಕೊಡುತ್ತವೆ ಮತ್ತು ಎರಡೂ ಸೇರಿ ಎಲ್ಲ ಕಡಲುಗಳನ್ನು ಆವರಿಸುತ್ತವೆ. ನಮ್ಮ ಎರಡು ಕಡಲುಗಳನ್ನು ಮಾತ್ರ ಹೋಲಿಸುವಾಗ ಭಾರತೀಯ ಹವಾಮಾನ ಇಲಾಖೆಯ ಅಂಕಿಗಳೇ ಇರಲಿ.

ಹಂತ 4: ದತ್ತಾಂಶವನ್ನು ಇಳಿಸಿಕೊಂಡು ಹಾಳೆ ಸಿದ್ಧಪಡಿಸುವುದು

ಎಲ್ಲ ಕೇಂದ್ರಗಳ ಬೆಸ್ಟ್ ಟ್ರ್ಯಾಕ್ ದಾಖಲೆಗಳನ್ನು, ಅಂದರೆ ಚಂಡಮಾರುತ ಸಾಗಿದ ಹಾದಿ ಮತ್ತು ಬಲದ ಪರಿಶೀಲಿಸಿದ ದಾಖಲೆಗಳನ್ನು, ಒಂದೆಡೆ ಸೇರಿಸಿದ ಐಬಿಟ್ರ್ಯಾಕ್ಸ್ ಎಂಬ ಸಂಗ್ರಹವನ್ನು ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾ ಉಚಿತವಾಗಿ ಕೊಡುತ್ತದೆ. ಪೂರ್ತಿ ಇತಿಹಾಸದ ಕಡತ ಬಹಳ ದೊಡ್ಡದು, ಹಳೆಯ ಲ್ಯಾಪ್‌ಟಾಪ್ ತೆರೆಯಲು ಒದ್ದಾಡುತ್ತದೆ. ಇತ್ತೀಚಿನ ಮೂರು ವರ್ಷಗಳ ಕಡತವೋ ಒಂದೇ ಕಡಲಿನ ಕಡತವೋ ಸಾಕು. ತೆರೆದ ಕೂಡಲೇ ಮೂರು ಕೆಲಸ ಮಾಡಿ. ಶೀರ್ಷಿಕೆಯ ಕೆಳಗಿನ ಎರಡನೇ ಸಾಲಿನಲ್ಲಿ ಅಳತೆಯ ಮಾನಗಳಿರುತ್ತವೆ. ಅದನ್ನು ತೆಗೆಯದಿದ್ದರೆ ಎಕ್ಸೆಲ್ ಇಡೀ ಕಾಲಂ ಅನ್ನು ಅಕ್ಷರಗಳೆಂದು ತಿಳಿದು ಲೆಕ್ಕ ಮಾಡಲು ನಿರಾಕರಿಸುತ್ತದೆ. ಪ್ರತಿ ಸಂಸ್ಥೆಯ ಗಾಳಿಗೂ ಪ್ರತ್ಯೇಕ ಕಾಲಂ ಇರುವುದರಿಂದ ಬೇಕಾದ ಒಂದನ್ನು ಉಳಿಸಿಕೊಂಡು ಬೇರೆಯವನ್ನು ಮರೆಮಾಡಿ. ಕೊನೆಯದಾಗಿ, ಮೂರು ಗಂಟೆಗೊಮ್ಮೆ ಇರುವ ಸಾಲುಗಳಲ್ಲಿ ಹಲವು ನಡುವಿನ ಅಂದಾಜುಗಳಾದ್ದರಿಂದ ಅಂತರರಾಷ್ಟ್ರೀಯ ಸಮಯದ 00, 06, 12, 18 ಗಂಟೆಯ ಸಾಲುಗಳನ್ನು ಮಾತ್ರ ಆರಿಸಿ. ನಮ್ಮ ಗಡಿಯಾರದಲ್ಲಿ ಅವು ಬೆಳಗ್ಗೆ 5.30, 11.30, ಸಂಜೆ 5.30 ಮತ್ತು ರಾತ್ರಿ 11.30.

ಸಾಲುಗಳಲ್ಲಿ "ತಾತ್ಕಾಲಿಕ" ಎಂಬ ಗುರುತಿದ್ದರೆ ಹಳದಿ ಬಣ್ಣ ಹಚ್ಚಿಡಿ. ಚಂಡಮಾರುತ ಮುಗಿದು ತಿಂಗಳುಗಳಾದ ಮೇಲೆ ಕೇಂದ್ರಗಳು ಎಲ್ಲ ಮಾಹಿತಿಯನ್ನು ಮತ್ತೊಮ್ಮೆ ನೋಡಿ ಅಂಕಿಗಳನ್ನು ತಿದ್ದುತ್ತವೆ. 2023ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ಅಕಾಪುಲ್ಕೋಗೆ ಅಪ್ಪಳಿಸಿದ ಓಟಿಸ್ ದಡ ಸೇರುವಾಗ ಅದರ ವೇಗ 145 ನಾಟ್ ಎಂದು ಆ ರಾತ್ರಿ ಪ್ರಕಟವಾಗಿತ್ತು, ಅಂತಿಮ ವರದಿಯಲ್ಲಿ ಅದು 140 ಆಯಿತು. ಡಿಸೆಂಬರ್ 31ರಂದೇ ಪಟ್ಟಿ ಪ್ರಕಟಿಸುವ ಆತುರ ಇರುವವರು ಈ ಕಾರಣಕ್ಕೆ ಕಾಯಬೇಕು.

ಹಂತ 5: ಶಿಖರ ಬಲ, ಮತ್ತು ಅದರ ಮೇಲೆ ಎಷ್ಟು ನಂಬಿಕೆ ಇಡಬಹುದು

ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಒಳಗೇ ವಿಮಾನ ಹಾರಿಸಿ ಅಳೆಯುವ ವ್ಯವಸ್ಥೆಯಿದೆ. ನಮ್ಮ ಕಡಲುಗಳಲ್ಲಿ ಅಂಥದ್ದು ವಾಡಿಕೆಯಲ್ಲಿಲ್ಲ. ಇಲ್ಲಿನ ಬಹುಪಾಲು ಅಂಕಿಗಳು 1970ರ ದಶಕದಲ್ಲಿ ಅಮೆರಿಕದ ವೆರ್ನನ್ ಡ್ವೊರಾಕ್ ರೂಪಿಸಿದ ವಿಧಾನದಿಂದ ಬರುತ್ತವೆ. ಅತಿಗೆಂಪು ಚಿತ್ರದಲ್ಲಿ ಕಣ್ಣು, ಅಂದರೆ ಚಂಡಮಾರುತದ ನಟ್ಟನಡುವಿನ ಶಾಂತ ಭಾಗ, ಎಷ್ಟು ಬೆಚ್ಚಗಿದೆ, ಅದನ್ನು ಸುತ್ತಿದ ಮೋಡದ ಉಂಗುರ ಎಷ್ಟು ತಣ್ಣಗಿದೆ ಮತ್ತು ಎಷ್ಟು ದಪ್ಪಗಿದೆ, ಸುರುಳಿ ಎಷ್ಟು ಬಿಗಿಯಾಗಿದೆ ಎಂಬುದನ್ನು ನೋಡಿ 1ರಿಂದ 8ರವರೆಗೆ ಒಂದು ಸಂಖ್ಯೆ ಕೊಡುತ್ತಾರೆ. 6 ಎಂದರೆ 115 ನಾಟ್, 6.5 ಎಂದರೆ 127, 7 ಎಂದರೆ 140, 7.5 ಎಂದರೆ 155. ಪರಿಣತರು ಬಳಸುವ ಅತಿ ಸಣ್ಣ ಹೆಜ್ಜೆಯೇ ಸಾಮಾನ್ಯವಾಗಿ ಅರ್ಧ ಸಂಖ್ಯೆ. ಅಷ್ಟರಲ್ಲಿ ಗಾಳಿ 12ರಿಂದ 15 ನಾಟ್ ಬದಲಾಗುತ್ತದೆ.

ಹೀಗಿರುವಾಗ 155 ನಾಟ್‌ನ ಚಂಡಮಾರುತ 150ರದ್ದನ್ನು ಸೋಲಿಸಿತು ಎನ್ನುವುದು ಅರ್ಥವಿಲ್ಲದ ಮಾತು. ನಾನು ಅನುಸರಿಸುವ ನಿಯಮವೆಂದರೆ, ಉಪಗ್ರಹದಿಂದ ಅಂದಾಜಿಸಿದ ಎರಡು ಅಂಕಿಗಳ ನಡುವೆ 10 ನಾಟ್ ಅಥವಾ ಅದಕ್ಕಿಂತ ಕಡಿಮೆ ವ್ಯತ್ಯಾಸವಿದ್ದರೆ ಅವನ್ನು ಒಂದೇ ಸ್ಥಾನದಲ್ಲಿ ಇಡುವುದು. ಈ ನಿಯಮದಲ್ಲಿ 2023ರ ಮಾವರ್ ಮತ್ತು ಮೋಚಾ ಸಮಸಮ. ಇದನ್ನು ಹೇಳಿದಾಗ ಪೆಸಿಫಿಕ್ ಅಭಿಮಾನಿಗಳಿಗೆ ಬೇಸರವಾಗುವುದುಂಟು, ಆದರೆ ಅಂಕಿಗಳು ಅದಕ್ಕಿಂತ ಹೆಚ್ಚಿನದನ್ನು ಹೇಳುವುದಿಲ್ಲ.

ಗಾಳಿಯ ಬದಲು ಚಂಡಮಾರುತದ ನಡುವಿನ ವಾಯುಒತ್ತಡವನ್ನು ಹಿಡಿಯೋಣ ಎಂಬ ವಾದವೂ ಇದೆ. ಒತ್ತಡಕ್ಕೆ ಸರಾಸರಿಯ ಗೊಂದಲ ಇಲ್ಲ, ನಿಜ. 1979ರ ಅಕ್ಟೋಬರ್ 12ರಂದು ಟಿಪ್ ಟೈಫೂನಿನಲ್ಲಿ ಅಳೆದ 870 ಹೆಕ್ಟೋಪಾಸ್ಕಲ್ (ವಾಯುಒತ್ತಡದ ಮಾನ) ಅತಿ ಕಡಿಮೆ ಒತ್ತಡದ ವಿಷಯದಲ್ಲಿ ಇಂದಿಗೂ ಜಗತ್ತಿನ ದಾಖಲೆ. ಆದರೆ ಪಶ್ಚಿಮ ಪೆಸಿಫಿಕ್‌ನ ಸುತ್ತಲಿನ ಒತ್ತಡವೇ ಅಟ್ಲಾಂಟಿಕ್‌ಗಿಂತ ಕಡಿಮೆ. ದೊಡ್ಡ ಹರವಿನ ಚಂಡಮಾರುತದಲ್ಲಿ ಅಷ್ಟೇ ಗಾಳಿಗೆ ಒತ್ತಡ ಇನ್ನೂ ಕೆಳಗಿಳಿದಿರುತ್ತದೆ. ಗಾಳಿಯನ್ನು ಹುಟ್ಟಿಸುವುದು ಒತ್ತಡದ ವ್ಯತ್ಯಾಸವೇ ಹೊರತು ಕೇಂದ್ರದ ಒಂಟಿ ಅಂಕಿಯಲ್ಲ. ಆದ್ದರಿಂದ ಒತ್ತಡವನ್ನು ಒಂದೇ ಕಡಲಿನ ಒಳಗಿನ ಹೋಲಿಕೆಗೆ ಮಾತ್ರ ಬಳಸಿ.

ಹಂತ 6: ಬಲಿತ ವೇಗ

ಹಾಳೆಯಲ್ಲಿ ಒಂದು ಹೊಸ ಕಾಲಂ ಸೇರಿಸಿ, ಪ್ರತಿ ಸಾಲಿನ ಗಾಳಿಯಿಂದ ನಾಲ್ಕು ಸಾಲು ಹಿಂದಿನ ಗಾಳಿಯನ್ನು ಕಳೆಯಿರಿ. ಆರು ಗಂಟೆಗೊಂದು ಸಾಲಾದ್ದರಿಂದ ನಾಲ್ಕು ಸಾಲು ಎಂದರೆ 24 ಗಂಟೆ. ಈ ಕಾಲಂನಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ಕ್ಷಿಪ್ರ ತೀವ್ರತೆ ಎನ್ನುತ್ತಾರೆ. ಹೊಸ ಚಂಡಮಾರುತದ ಸಾಲುಗಳು ಶುರುವಾಗುವಲ್ಲಿ ಸೂತ್ರ ಹಿಂದಿನ ಚಂಡಮಾರುತದ ಅಂಕಿಯನ್ನು ಕಳೆದುಬಿಡುತ್ತದೆ. ಆ ಮೊದಲ ನಾಲ್ಕು ಕೋಶಗಳನ್ನು ಖಾಲಿ ಬಿಡಬೇಕು.

2023ರಲ್ಲಿ ಈ ಪಟ್ಟಿಯ ಮೊದಲ ಸ್ಥಾನದ ಬಗ್ಗೆ ಚರ್ಚೆಯೇ ಇಲ್ಲ. ಓಟಿಸ್ 24 ಗಂಟೆಗಳಲ್ಲಿ ಸುಮಾರು 95 ನಾಟ್ ಏರಿತು, ಅಂದರೆ ಕ್ಷಿಪ್ರ ತೀವ್ರತೆಯ ಮಿತಿಯ ಮೂರರಷ್ಟಕ್ಕೂ ಹೆಚ್ಚು. ಪೂರ್ವ ಪೆಸಿಫಿಕ್‌ನಲ್ಲಿ ಇದಕ್ಕಿಂತ ಬೇಗ ಬಲಿತದ್ದು 2015ರ ಪೆಟ್ರೀಷಿಯಾ, 24 ಗಂಟೆಗಳಲ್ಲಿ 105 ನಾಟ್. ಆದರೆ ಓಟಿಸ್‌ನ ವಿಷಯದಲ್ಲಿ ಭಯ ಹುಟ್ಟಿಸುವ ಸಂಗತಿ ಬೇರೆ. ಒಂದು ದಿನ ಮೊದಲು ಅದು ಸಾಧಾರಣ ಬಿರುಗಾಳಿಯಾಗಿ ದಡ ಸೇರಬಹುದೆಂಬ ಮುನ್ಸೂಚನೆ ಇತ್ತು. ಅಕ್ಟೋಬರ್ 24ರ ಮಧ್ಯಾಹ್ನ ಒಳಹೊಕ್ಕ ವಿಮಾನವೊಂದು ಅಳೆದು ನೋಡಿದಾಗಲೇ ನಿಜವಾದ ಬಲ ಗೊತ್ತಾಯಿತು. ಆ ರಾತ್ರಿ ಕಳೆಯುವಷ್ಟರಲ್ಲಿ ಅದು 5ನೇ ವರ್ಗದ ಚಂಡಮಾರುತವಾಗಿ, ಸರಿಸುಮಾರು ನಮ್ಮ ಮೈಸೂರಿನಷ್ಟೇ ಜನಸಂಖ್ಯೆಯ ಅಕಾಪುಲ್ಕೋ ಬಳಿ ದಡ ಸೇರಿತ್ತು. ಮೆಕ್ಸಿಕೋದ ಪೆಸಿಫಿಕ್ ತೀರಕ್ಕೆ ಅಪ್ಪಳಿಸಿದವುಗಳ ಪೈಕಿ ದಾಖಲೆಯಲ್ಲಿ ಅತಿ ಬಲಿಷ್ಠವಾದದ್ದು ಅದೇ. ವಿಮಾನ ಹೋಗದೆ ಉಪಗ್ರಹವನ್ನೇ ನಂಬಿದ್ದರೆ ನಮ್ಮ ಹಾಳೆಯಲ್ಲಿ ಆ ಏರಿಕೆ ಇಷ್ಟು ಕಡಿದಾಗಿ ಕಾಣುತ್ತಿತ್ತೇ ಎಂಬ ಅನುಮಾನ ನನಗಿದೆ. ಬೇರೆ ಕಡಲುಗಳಲ್ಲಿ ಇಂಥವು ದಾಖಲಾಗದೆ ಹೋಗಿರಬಹುದು ಎಂಬ ಟಿಪ್ಪಣಿಯನ್ನು ಪಟ್ಟಿಯ ಕೆಳಗೆ ಬರೆಯುವುದು ನ್ಯಾಯ.

ಹಂತ 7: ಬದುಕಿನುದ್ದದ ಶಕ್ತಿಯ ಲೆಕ್ಕ

ಶಿಖರ ಎನ್ನುವುದು ಒಂದು ಕ್ಷಣದ ಸಂಗತಿ. ಎಷ್ಟು ದಿನ, ಎಷ್ಟು ಬಲದಿಂದ ಬದುಕಿತು ಎಂಬುದನ್ನು ಒಟ್ಟಾಗಿ ಹೇಳುವ ಮಾನಕ್ಕೆ ಸಂಚಿತ ಚಂಡಮಾರುತ ಶಕ್ತಿ ಎಂದು ಹೆಸರು. ಆಸಕ್ತರ ಮಾತಿನಲ್ಲಿ ಅದು ಎ.ಸಿ.ಇ. ಲೆಕ್ಕ ಸರಳವಾಗಿದೆ. ಗಾಳಿ 34 ನಾಟ್ ಅಥವಾ ಹೆಚ್ಚಿರುವ ಪ್ರತಿ ಆರು ಗಂಟೆಯ ಅಂಕಿಯನ್ನು ವರ್ಗ ಮಾಡಿ (ಅದರಿಂದಲೇ ಗುಣಿಸಿ), ಎಲ್ಲವನ್ನೂ ಕೂಡಿಸಿ, 10,000ದಿಂದ ಭಾಗಿಸಬೇಕು.

ಒಂದು ಚಂಡಮಾರುತ ಒಂದು ದಿನದಲ್ಲಿ 35, 45, 55, 65 ನಾಟ್‌ಗೆ ಏರಿತು ಎಂದುಕೊಳ್ಳಿ. ವರ್ಗಗಳು 1225, 2025, 3025, 4225; ಮೊತ್ತ 10,500; ಭಾಗಿಸಿದರೆ 1.05. ಇನ್ನೊಂದು ಚಂಡಮಾರುತ 140 ನಾಟ್‌ನಲ್ಲಿ ಇದ್ದ ಒಂದೇ ಸಾಲು 1.96 ಕೊಡುತ್ತದೆ. ವರ್ಗ ಮಾಡುವುದರಿಂದ ಬಲಿಷ್ಠ ಗಾಳಿಗೆ ಎಷ್ಟು ತೂಕ ಬರುತ್ತದೆ ಎಂಬುದು ಇದರಲ್ಲಿ ಕಾಣುತ್ತದೆ. ಹಾಗಿದ್ದೂ ದೀರ್ಘಾಯುಷ್ಯವನ್ನು ಸೋಲಿಸುವುದು ಕಷ್ಟ. ಹತ್ತು ದಿನ 70 ನಾಟ್‌ನಲ್ಲೇ ಸಾಗಿದ ಒಂದು ಕಾಲ್ಪನಿಕ ಚಂಡಮಾರುತಕ್ಕೆ 40 ಸಾಲುಗಳಿಂದ 19.6 ಸಿಗುತ್ತದೆ, ಮೂರೂವರೆ ದಿನ 110 ನಾಟ್‌ನಲ್ಲಿ ಅಬ್ಬರಿಸಿದ್ದಕ್ಕೆ 14 ಸಾಲುಗಳಿಂದ 17 ಕೂಡ ದಾಟುವುದಿಲ್ಲ. ಮೋಚಾ ಮತ್ತು ಬಿಪರ್‌ಜಾಯ್‌ಗಳನ್ನು ಈ ಲೆಕ್ಕಕ್ಕೆ ಒಡ್ಡಿ ನೋಡುವುದು ಒಳ್ಳೆಯ ಅಭ್ಯಾಸ. ಶಿಖರದಲ್ಲಿ ಮೋಚಾಗಿಂತ ಬಹಳ ಕೆಳಗಿದ್ದ ಬಿಪರ್‌ಜಾಯ್ ಜೂನ್ 6ರ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ರೂಪುಗೊಂಡು, ಏಳುತ್ತ ಬೀಳುತ್ತ, ಜೂನ್ 15ರ ಸಂಜೆ ಗುಜರಾತಿನ ಜಖೌ ಬಂದರಿನ ಬಳಿ ದಡ ಸೇರಿತ್ತು.

ಭಾರತೀಯ ಹವಾಮಾನ ಇಲಾಖೆಯ ಕಡತದಿಂದ ಲೆಕ್ಕ ಮಾಡುವವರಿಗೆ ಒಂದು ಎಚ್ಚರಿಕೆ: ಅಲ್ಲಿ ಮೂರು ಗಂಟೆಯ ಸಾಲುಗಳೂ ಇರುತ್ತವೆ. ಅವನ್ನು ತೆಗೆಯದೆ ಕೂಡಿಸಿದರೆ ಉತ್ತರ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ.

2023ರ ಫ್ರೆಡ್ಡಿ ಈ ಪಟ್ಟಿಯಲ್ಲಿ ಬೇರೆಯದೇ ಎತ್ತರದಲ್ಲಿ ನಿಲ್ಲುತ್ತದೆ. ಆಸ್ಟ್ರೇಲಿಯಾದ ವಾಯುವ್ಯದ ಕಡಲಲ್ಲಿ ಹುಟ್ಟಿ, ಇಡೀ ದಕ್ಷಿಣ ಹಿಂದೂ ಮಹಾಸಾಗರವನ್ನು ದಾಟಿ, ಫೆಬ್ರವರಿ 21ರಂದು ಮಡಗಾಸ್ಕರ್‌ಗೂ 24ರಂದು ಮೊಜಾಂಬಿಕ್‌ಗೂ ಅಪ್ಪಳಿಸಿ, ಮತ್ತೆ ಕಡಲಿಗಿಳಿದು ಬಲ ತುಂಬಿಕೊಂಡು ಮಾರ್ಚ್ 11ರಂದು ಮೊಜಾಂಬಿಕ್‌ಗೆ ಎರಡನೇ ಸಲ ಬಂದಿತು. 36 ದಿನ ಬಿರುಗಾಳಿಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಇದ್ದ ಅದನ್ನು ವಿಶ್ವ ಹವಾಮಾನ ಸಂಸ್ಥೆ ಅತಿ ದೀರ್ಘಾಯುವೆಂದು 2024ರಲ್ಲಿ ಮಾನ್ಯ ಮಾಡಿತು. ಸಾಗಿದ ದೂರದಲ್ಲಿ ಮಾತ್ರ 1994ರ ಜಾನ್ ಎಂಬ ಚಂಡಮಾರುತ ಅದಕ್ಕಿಂತ ಮುಂದೆ. ಜಾನ್ 13,159 ಕಿ.ಮೀ., ಫ್ರೆಡ್ಡಿ 12,785 ಕಿ.ಮೀ. ಕೆಲವೇ ದಿನ ಬದುಕಿದ ಓಟಿಸ್ ಈ ಪಟ್ಟಿಯ ತಳದಲ್ಲೆಲ್ಲೋ ಇರುತ್ತದೆ. ಒಂದೇ ವರ್ಷದ ಈ ಇಬ್ಬರಲ್ಲಿ ದೊಡ್ಡವರು ಯಾರು ಎಂದು ಕೇಳುವವರಿಗೆ ಮೊದಲ ಹಂತದ ಪ್ರಶ್ನೆಪಟ್ಟಿಯನ್ನು ತೋರಿಸಿ.

ಹಂತ 8: ಹರವು ಮತ್ತು ಮಳೆ

ಹರವಿಗೆ 34 ನಾಟ್ ಗಾಳಿ ಕೇಂದ್ರದಿಂದ ಎಷ್ಟು ದೂರ ಹಬ್ಬಿತ್ತು ಎಂಬ ತ್ರಿಜ್ಯವನ್ನು ನೋಡಬೇಕು. ನಾಲ್ಕು ದಿಕ್ಕುಗಳಿಗೆ ನಾಲ್ಕು ಅಂಕಿಗಳಿರುತ್ತವೆ, ಸರಾಸರಿ ತೆಗೆದರೆ ಸಾಕು. ಅಂಕಿಗಳನ್ನು ಮನಸ್ಸಿಗೆ ತಂದುಕೊಳ್ಳಲು ನಕಾಶೆಯಲ್ಲಿ ಮೈಸೂರನ್ನು ಕೇಂದ್ರವಾಗಿಟ್ಟು ವೃತ್ತ ಬರೆಯಿರಿ. 1974ರ ಕ್ರಿಸ್‌ಮಸ್ ದಿನ ಆಸ್ಟ್ರೇಲಿಯಾದ ಡಾರ್ವಿನ್ ನಗರವನ್ನು ನೆಲಸಮ ಮಾಡಿದ ಟ್ರೇಸಿಯ ಬಿರುಗಾಳಿ ಸುಮಾರು 50 ಕಿ.ಮೀ. ತ್ರಿಜ್ಯದೊಳಗೆ ಮುಗಿಯುತ್ತಿತ್ತು. ಆ ವೃತ್ತದಲ್ಲಿ ಮಂಡ್ಯ ಒಳಗೆ ಬೀಳುತ್ತದೆ, ಮದ್ದೂರು ಹೊರಗುಳಿಯುತ್ತದೆ. ಟಿಪ್‌ನ ತ್ರಿಜ್ಯ ಸುಮಾರು 1,100 ಕಿ.ಮೀ. ಅದರೊಳಗೆ ನಾಗಪುರವೂ ಬರುತ್ತದೆ.

ಮಳೆಯ ಪಟ್ಟಿ ಗಾಳಿಯ ಪಟ್ಟಿಗೆ ಬಹುತೇಕ ಸಂಬಂಧವೇ ಇಲ್ಲದಂತೆ ಇರುತ್ತದೆ. ನಿಧಾನವಾಗಿ ಚಲಿಸುವುದು, ಬೆಟ್ಟಗಳಿಗೆ ತಡೆದು ನಿಲ್ಲುವುದು, ದಡ ಸೇರಿದ ಮೇಲೂ ಕಡಲಿನಿಂದ ತೇವ ಸಿಗುತ್ತಲೇ ಇರುವುದು, ಇವು ಮಳೆಯನ್ನು ನಿರ್ಧರಿಸುತ್ತವೆ. 2023ರ ಜುಲೈ 28ರಂದು ಚೀನಾದ ಫೂಜಿಯಾನ್ ತೀರ ಸೇರಿದ ಡೊಕ್ಸುರಿಯ ಅವಶೇಷ ಉತ್ತರಕ್ಕೆ ಸರಿದು ಬೀಜಿಂಗ್‌ನ ಒಂದು ಜಲಾಶಯದ ಬಳಿ 744.8 ಮಿ.ಮೀ. ಸುರಿಸಿತು. ಆ ನಗರದ 140 ವರ್ಷಗಳ ದಾಖಲೆಯಲ್ಲಿ ಅಷ್ಟು ಮಳೆ ಆಗಿರಲಿಲ್ಲ, ಮತ್ತು ಆ ಹೊತ್ತಿಗೆ ಅದು ಚಂಡಮಾರುತವಾಗಿಯೇ ಉಳಿದಿರಲಿಲ್ಲ. ನಮ್ಮ ಹತ್ತಿರದ ಉದಾಹರಣೆ ಮಿಚಾಂಗ್. ಡಿಸೆಂಬರ್ 5ರಂದು ಆಂಧ್ರದ ಬಾಪಟ್ಲ ಬಳಿ ದಡ ಸೇರಿದ ಅದು ಮೋಚಾದ ಸುಮಾರು ಅರ್ಧದಷ್ಟು ವೇಗದ ಗಾಳಿಯನ್ನಷ್ಟೇ ಹೊಂದಿತ್ತು. ಆದರೆ ತೀರಕ್ಕೆ ಸಮಾನಾಂತರವಾಗಿ ಮೆಲ್ಲಗೆ ಸಾಗಿದ್ದರಿಂದ ಚೆನ್ನೈ ಮುಳುಗಿತು. ಮಳೆಗೆ ಯಾವಾಗಲೂ ಅಳೆದ ಕೇಂದ್ರದ ಹೆಸರು ಮತ್ತು ಅವಧಿ ಎರಡನ್ನೂ ಬರೆಯಬೇಕು. 24 ಗಂಟೆಯ ಮಳೆಯನ್ನು ಐದು ದಿನಗಳ ಮೊತ್ತದ ಪಕ್ಕದಲ್ಲಿ ಇಡಬಾರದು.

ಹಂತ 9: ತನ್ನ ಕಡಲಿಗೆ ಎಷ್ಟು ಅಪರೂಪ?

ಪಶ್ಚಿಮ ಪೆಸಿಫಿಕ್‌ನಲ್ಲಿ ವರ್ಷಕ್ಕೆ ಸುಮಾರು 25 ಹೆಸರಿಟ್ಟ ಚಂಡಮಾರುತಗಳು ಹುಟ್ಟುತ್ತವೆ. ಬಂಗಾಳಕೊಲ್ಲಿ ಮತ್ತು ಅರಬ್ಬಿ ಸಮುದ್ರ ಸೇರಿದರೂ ಸರಾಸರಿ ಐದರ ಆಸುಪಾಸು. ಅದೂ ಮುಂಗಾರಿನ ಗಾಳಿ ಕೆಳಗೊಂದು ದಿಕ್ಕು, ಮೇಲೊಂದು ದಿಕ್ಕಿಗೆ ಎಳೆಯುವ ಜುಲೈ–ಆಗಸ್ಟ್‌ನಲ್ಲಿ ಬಹುತೇಕ ಏನೂ ಬೆಳೆಯುವುದಿಲ್ಲ. ಹೀಗಾಗಿ ನಮ್ಮ ಕಡಲಿನ 150 ನಾಟ್‌ಗೂ ಪೆಸಿಫಿಕ್‌ನ 150 ನಾಟ್‌ಗೂ ಒಂದೇ ಬೆಲೆ ಕಟ್ಟಲಾಗದು. ಪ್ರತಿ ಚಂಡಮಾರುತದ ಮುಂದೆ, ಅದೇ ಕಡಲಿನಲ್ಲಿ, ಅದೇ ಸಂಸ್ಥೆಯ ದಾಖಲೆಯಲ್ಲಿ, ಉಪಗ್ರಹ ಯುಗ ಶುರುವಾದ ಮೇಲೆ ಅದಕ್ಕಿಂತ ಬಲವಾದವು ಎಷ್ಟಿವೆ ಎಂದು ಎಣಿಸಿ ಬರೆಯಿರಿ. ನಮ್ಮ ಇಲಾಖೆಯ ದಾಖಲೆಯಲ್ಲಿ 1999ರ ಒಡಿಶಾ ಸೂಪರ್ ಸೈಕ್ಲೋನ್ 140 ನಾಟ್, 2019ರ ಕ್ಯಾರ್ ಮತ್ತು 2020ರ ಆಂಫಾನ್ ತಲಾ 130 ನಾಟ್. 115ರ ಮೋಚಾ ಇವುಗಳ ಕೆಳಗೆ ಬರುತ್ತದೆ. ಅಮೆರಿಕದ ದಾಖಲೆಯಲ್ಲಿ ಎಣಿಸಿದರೆ ಅದರ ಸ್ಥಾನ ಇನ್ನೂ ಮೇಲೇರುತ್ತದೆ. ಎರಡನ್ನೂ ಬರೆದು ಯಾವುದು ಯಾರದೆಂದು ಹೇಳಿಬಿಡಿ.

ಹಂತ 10: ಚಿತ್ರಗಳು

ಅಂಕಿಗಳಿಗೆ ಸಿಗದ ಒಂದು ಸೊಗಸು ಚಂಡಮಾರುತಗಳಿಗಿದೆ, ಅದನ್ನು ಮೆಚ್ಚಲು ನಾಚಿಕೆಪಡಬೇಕಿಲ್ಲ. ಶಿಖರದ ಸಮಯಕ್ಕೆ ಅತಿ ಹತ್ತಿರದ ಅತಿಗೆಂಪು ಚಿತ್ರವನ್ನು ಪ್ರತಿಯೊಂದಕ್ಕೂ ಉಳಿಸಿಕೊಳ್ಳಿ. ನಮ್ಮ ಕಡಲುಗಳಿಗೆ ಇನ್ಸಾಟ್–3ಡಿಆರ್ ಮತ್ತು 2024ರ ಫೆಬ್ರವರಿಯಲ್ಲಿ ಹಾರಿಸಿದ ಇನ್ಸಾಟ್–3ಡಿಎಸ್ ಚಿತ್ರಗಳು ಇಸ್ರೋದ ಮೋಸ್‌ಡ್ಯಾಕ್ ತಾಣದಲ್ಲಿ ಸಿಗುತ್ತವೆ. ಈ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಇರುವುದು ನಮ್ಮ ಪಕ್ಕದ ಹಾಸನದಲ್ಲೇ. ಬಣ್ಣದ ಪಟ್ಟಿ ಒಂದೇ ಆಗಿರಲಿ. ಒಂದು ಚಿತ್ರದಲ್ಲಿ ಕೆಂಪು ಎಂದರೆ ಮೈನಸ್ 60 ಡಿಗ್ರಿ, ಇನ್ನೊಂದರಲ್ಲಿ ಮೈನಸ್ 80 ಆಗಿದ್ದರೆ ಹೋಲಿಕೆ ಹಾದಿ ತಪ್ಪುತ್ತದೆ. ಸಣ್ಣ ಕಣ್ಣಿನದೆಲ್ಲ ಬಲಿಷ್ಠ ಎಂಬ ನಂಬಿಕೆಯನ್ನೂ ಬಿಡಿ. 2005ರ ವಿಲ್ಮಾದ ಕಣ್ಣು ಕೇವಲ 3.7 ಕಿ.ಮೀ. ಅಗಲವಿತ್ತು, ನಿಜ, ಆದರೆ ಅಗಲ ಕಣ್ಣಿನ ಮಹಾ ಚಂಡಮಾರುತಗಳೂ ಬೇಕಾದಷ್ಟಿವೆ.

ಹಂತ 11: ನಮ್ಮೂರಿನ ಸಾಲು

ಆರು ಪಟ್ಟಿಗಳು ಸಿದ್ಧವಾದ ಮೇಲೆ ಪ್ರತಿಯೊಂದರ ಅಡಿಯಲ್ಲಿ ಮೂಲ ಸಂಸ್ಥೆ, ಸರಾಸರಿಯ ಅವಧಿ, ದತ್ತಾಂಶ ಇಳಿಸಿಕೊಂಡ ದಿನಾಂಕ, ತಾತ್ಕಾಲಿಕವೋ ಅಂತಿಮವೋ ಎಂಬುದನ್ನು ಬರೆಯಿರಿ. ಅಂತಿಮ ವರದಿಗಳು ಬಂದಾಗ ಹಳೆಯ ಅಂಕಿಯನ್ನು ಅಳಿಸದೆ, ಪಕ್ಕದಲ್ಲಿ ಹೊಸದನ್ನು ಸೇರಿಸಿ.

ಮೈಸೂರು–ಮಂಡ್ಯದವರು ಇದಕ್ಕೆ ಇನ್ನೊಂದು ಕಾಲಂ ಸೇರಿಸಬೇಕೆಂಬುದು ನನ್ನ ಒತ್ತಾಯ. ಚಂಡಮಾರುತ ಸಕ್ರಿಯವಾಗಿದ್ದ ದಿನಗಳಲ್ಲಿ ಮತ್ತು ಅದರ ಅವಶೇಷ ದಕ್ಷಿಣ ಒಳನಾಡನ್ನು ದಾಟಿದ ದಿನಗಳಲ್ಲಿ ನಮ್ಮ ಹೋಬಳಿಯಲ್ಲಿ ಬಿದ್ದ ಮಳೆಯ ಕಾಲಂ ಅದು. 2024ರ ಫೆಂಗಲ್ ಇದಕ್ಕೆ ತಕ್ಕ ಉದಾಹರಣೆ. ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಸೇರಿದ ಅದು ಇಲಾಖೆಯ ಏಣಿಯಲ್ಲಿ ಕೇವಲ "ಚಂಡಮಾರುತ", ಗಾಳಿಯ ಪಟ್ಟಿಯಲ್ಲಿ ಎಲ್ಲೂ ಕಾಣದು. ಆದರೆ ಪುದುಚೇರಿಯಲ್ಲಿ ಒಂದೇ ದಿನ 45 ಸೆಂ.ಮೀ.ಗಿಂತ ಹೆಚ್ಚು ಸುರಿಸಿ, ದುರ್ಬಲವಾಗುತ್ತ ಪಶ್ಚಿಮಕ್ಕೆ ಸರಿದು, ಡಿಸೆಂಬರ್‌ನ ಮೊದಲ ದಿನಗಳಲ್ಲಿ ನಮ್ಮ ಭಾಗಕ್ಕೂ ಮಳೆ ತಂದು ಅರಬ್ಬಿ ಸಮುದ್ರದ ಕಡೆಗೆ ಹೋಯಿತು. 5ನೇ ವರ್ಗದ ಮೋಚಾಗೆ ನಮ್ಮ ಕಾಲಂನಲ್ಲಿ ಇಂಥ ಜಾಗವಿಲ್ಲ.

ಈ ಕಾಲಂ ತುಂಬಲು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿಗಳು ಸಿಗುತ್ತವೆ. ಮನೆಯ ಮಹಡಿಯ ಮೇಲೆ ಮಳೆಮಾಪಕ ಇಟ್ಟುಕೊಂಡವರು ನೀರಿನ ಟ್ಯಾಂಕ್, ತೆಂಗಿನ ಗರಿಗಳ ಮರೆ ಇಲ್ಲದ ಜಾಗ ಆರಿಸಿ, ಪ್ರತಿದಿನ ಬೆಳಗ್ಗೆ 8.30ಕ್ಕೆ ಅಳೆಯಬೇಕು. ಇಲಾಖೆಯ ಮಳೆದಿನ ಮುಗಿಯುವುದು ಆ ಹೊತ್ತಿಗೆ. ಡಿಸೆಂಬರ್ 1ರ ರಾತ್ರಿ ಸುರಿದ ಮಳೆ 2ರ ಬೆಳಗಿನ ಅಳತೆಯಲ್ಲಿ ಬರುವುದರಿಂದ ಅದು 2ನೇ ತಾರೀಖಿನ ಸಾಲಿಗೆ ಸೇರುತ್ತದೆ. ಉಪಗ್ರಹ ಚಿತ್ರದ ಸಮಯದೊಂದಿಗೆ ತಾಳೆ ನೋಡುವಾಗ ಆ ಒಂದು ದಿನದ ಜರುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.